ಭೂಕಂಪಕ್ಕೆ ಮೊದಲೇ ದನಗಳಿಗೆ ಗೊತ್ತಾಗುತ್ತದೆಯೇ? ಕೊರಳಪಟ್ಟಿ ಕಟ್ಟುವ ಮುನ್ನ ಒಂದು ಚರ್ಚೆ

ಭಾಲ್ಕಿ_ಹೈನು:
ಬೀದರ ಜಿಲ್ಲೆಯಲ್ಲಿ 6 ದೇವಣಿ ಆಕಳುಗಳಿಗೆ ಚಲನೆ ಅಳೆಯುವ ಸೆನ್ಸರ್ ಕಟ್ಟುವ ಯೋಜನೆ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಮಹಾರಾಷ್ಟ್ರದಲ್ಲಾದ ಕಿಲ್ಲಾರಿ ಭೂಕಂಪ ಈ ಸೀಮೆಯವರಿಗೆ ಮರೆಯುವಂಥದ್ದಲ್ಲ. ಭೂಕಂಪದ ಮಾತು ಬಂದಾಗಲೆಲ್ಲ ನಾಯಿ ಊಳಿಟ್ಟವು, ದನ ಕಣ್ಣಿ ಹರಿದುಕೊಂಡವು ಎನ್ನುವವರು ಇದ್ದೇ ಇರುತ್ತಾರೆ. ಇಟಲಿಯಲ್ಲಿ ಆಕಳುಗಳು 20 ಗಂಟೆ ಮೊದಲೇ ಸೂಚನೆ ಕೊಟ್ಟವು ಎಂದು ಓದಿದ್ದೇವೆ. ಇದು ಎಷ್ಟು ಗಟ್ಟಿ? ನಮ್ಮಲ್ಲಿ ಮಾಡುವುದಾದರೆ ಸೆನ್ಸರ್ ಯಾವುದು, ಲೆಕ್ಕ ಹೇಗೆ, ಎಲ್ಲಿ ತಪ್ಪುತ್ತದೆ? ತಿಳಿದವರು ಬಿಡಿಸಿ ಹೇಳಿ.

ಶಿಲಾಪದರ:
ಇಟಲಿಯದರಿಂದಲೇ ಶುರು ಮಾಡೋಣ. 2016ರ ಅಕ್ಟೋಬರ್ 30ರಂದು ನೋರ್ಚಾ ಬಳಿ 6.6 ತೀವ್ರತೆಯ ಭೂಕಂಪ ಆಯಿತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಟಿನ್ ವಿಕೆಲ್ಸ್ಕಿ ಅವರ ತಂಡ ಆ ಭಾಗದ ಒಂದೇ ಒಂದು ಹೊಲಮನೆಯಲ್ಲಿ 6 ಆಕಳು, 5 ಕುರಿ, 2 ನಾಯಿಗಳಿಗೆ ಸೆನ್ಸರ್ ಕಟ್ಟಿ ಕೆಲವು ತಿಂಗಳು ಅಳೆಯಿತು. ಆ ಅವಧಿಯಲ್ಲಿ ಸುತ್ತಲಿನ ಪ್ರದೇಶದಲ್ಲಿ ಸುಮಾರು 18,000 ಕಂಪನ ದಾಖಲಾದವು. 4 ಅಥವಾ ಅದಕ್ಕಿಂತ ಹೆಚ್ಚು ತೀವ್ರತೆಯವು 12. ಪ್ರಾಣಿಗಳು ಕೊಟ್ಟಿಗೆಯೊಳಗಿದ್ದಾಗ ಕಂಪನಕ್ಕೆ 20 ಗಂಟೆ ಮೊದಲಿನವರೆಗೂ ಅಸಹಜ ಚಟುವಟಿಕೆ ಕಂಡಿತು, ಕೇಂದ್ರ ಹತ್ತಿರವಾದಷ್ಟೂ ಮುನ್ಸೂಚನೆ ಬೇಗ ಬಂತು ಎಂದು 2020ರಲ್ಲಿ ಪ್ರಕಟಿಸಿದರು. ಹೊರಗೆ ಹುಲ್ಲುಗಾವಲಿನಲ್ಲಿದ್ದಾಗ ಅದು ಕಾಣಲಿಲ್ಲ.

ಪತ್ರಿಕೆಗಳಲ್ಲಿ ಬಂದದ್ದು ಇಲ್ಲಿಯವರೆಗೆ ಮಾತ್ರ. ಮುಂದೆ ಗೆರ್ಟ್ ಝೋಲರ್ ಮತ್ತು ಸಂಗಡಿಗರು ಅದೇ ವಿಷಯವನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿ, ಆ ಸೂಚನೆಗಳಿಗೂ ಕುರುಡು ಕಾಕತಾಳೀಯಕ್ಕೂ ವ್ಯತ್ಯಾಸ ತೋರಿಸಲಾಗದು, ಮುನ್ಸೂಚನೆಯ ಶಕ್ತಿ ಅವಕ್ಕಿಲ್ಲ ಎಂದು, ಮೂಲ ಅಧ್ಯಯನ ಬಂದಿದ್ದ ಅದೇ ವಿಜ್ಞಾನ ಪತ್ರಿಕೆಯಲ್ಲಿ ಬರೆದರು.

ಹೈಕೊ ವೋಯ್ತ್ ಮತ್ತು ಜೊತೆಗಾರರ 2018ರ ಸಮೀಕ್ಷೆಯನ್ನೂ ನೋಡಲೇಬೇಕು. 180 ಪ್ರಕಟಣೆಗಳಿಂದ 160 ಭೂಕಂಪಗಳಿಗೆ ಸಂಬಂಧಿಸಿದ 729 ವರದಿಗಳನ್ನು ಅವರು ಜಾಲಾಡಿದರು. ಬಹುಪಾಲು, ಭೂಕಂಪ ಆದಮೇಲೆ ಜನ ನೆನಪಿಸಿಕೊಂಡು ಹೇಳಿದವು. ದಿನದಿನವೂ ಅಳೆದ ದಾಖಲೆ ಇದ್ದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಅತಿ ಉದ್ದದ್ದೂ ಒಂದು ವರ್ಷದ್ದೇ. ಇನ್ನೊಂದು ಮುಖ್ಯ ಮಾತು: ಆ ವರದಿಗಳು ಕಾಲದಲ್ಲೂ ದೂರದಲ್ಲೂ ಹಂಚಿಹೋಗಿರುವ ರೀತಿ ಮುನ್ಕಂಪನಗಳ ಹಂಚಿಕೆಯನ್ನು ಹೋಲುತ್ತದೆ. ದೊಡ್ಡದಕ್ಕೆ ಮೊದಲು ಬಂದ ಸಣ್ಣ ಕಂಪನಕ್ಕೆ ಪ್ರಾಣಿ ಬೆದರಿದ್ದರೆ ಅದು ಭವಿಷ್ಯ ಹೇಳಿದ್ದಲ್ಲ, ಆಗಲೇ ನಡೆದದ್ದಕ್ಕೆ ಪ್ರತಿಕ್ರಿಯೆ.

ಕಲ್ಲುಬಂಡೆ77:
ಹಾಗಾದರೆ ಚೀನಾದ ಹೈಚೆಂಗ್ ಭೂಕಂಪ? 1975ರ ಫೆಬ್ರವರಿ 4. ಕೊರೆಯುವ ಚಳಿಯಲ್ಲಿ ಹಾವುಗಳು ಬಿಲದಿಂದ ಹೊರಬಂದು ಹೆಪ್ಪುಗಟ್ಟಿ ಸತ್ತವು, ಅದನ್ನು ನೋಡಿ ಜನರನ್ನು ಮನೆಯಿಂದ ಹೊರಗೆ ಕಳಿಸಿದರು, ಸಾವಿರಾರು ಜೀವ ಉಳಿಯಿತು ಎಂದು ಎಲ್ಲ ಕಡೆ ಬರೆದಿದೆಯಲ್ಲ.

ಶಿಲಾಪದರ:
ಹಾವಿನ ವರದಿಗಳು ಇದ್ದವು, ನಿಜ. ಆದರೆ ಜನರನ್ನು ಹೊರಗೆ ಕಳಿಸುವ ಕೊನೆಯ ತೀರ್ಮಾನಕ್ಕೆ ಕಾರಣವಾದದ್ದು ಮುಖ್ಯವಾಗಿ ಮುನ್ಕಂಪನಗಳು. ಅವು ಒಂದರ ಹಿಂದೊಂದು ಬಂದು ಗೋಡೆ ಬಿರುಕು ಬಿಡಿಸಿದ್ದವು. ಜನ ತಾವಾಗಿಯೇ ಹೊರಗೆ ಬಂದದ್ದೂ ಉಂಟು. ಮರುವರ್ಷ, 1976ರ ಜುಲೈ 28ರಂದು, ತಾಂಗ್‌ಶಾನ್ ನಗರ ಎಚ್ಚರಿಕೆಯೇ ಇಲ್ಲದೆ ನೆಲಸಮವಾಯಿತು. ಸರ್ಕಾರಿ ಲೆಕ್ಕದಲ್ಲೇ 2.4 ಲಕ್ಷಕ್ಕಿಂತ ಹೆಚ್ಚು ಸಾವು. ಅಲ್ಲಿ ಕೈಗೆ ಸಿಗುವಂಥ ಮುನ್ಕಂಪನಗಳ ಸರಣಿ ಇರಲಿಲ್ಲ. ಪ್ರಾಣಿಗಳೇ ಸಾಕಾಗಿದ್ದರೆ ತಾಂಗ್‌ಶಾನ್ ಉಳಿಯಬೇಕಿತ್ತು.

ಅಲೆಗಣಿತ:
"ಕಂಪನಕ್ಕೆ ಮೊದಲು ನಾಯಿ ಬೊಗಳಿತು" ಎನ್ನುವುದರಲ್ಲಿ ಒಂದು ಪಾಲು ಪೂರ್ತಿ ಸತ್ಯ. ಭೂಕಂಪದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ನೆಲದ ಮೇಲ್ಪದರದಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆ ಸುಮಾರು 3.5 ಕಿ.ಮೀ. ಓಡುತ್ತದೆ. ಪಿ ಅಲೆ ಸಣ್ಣದು, ಬಹಳ ಜನರಿಗೆ ತಿಳಿಯುವುದೇ ಇಲ್ಲ. ಮನೆ ಅಲ್ಲಾಡಿಸುವುದು ಎಸ್ ಅಲೆ. ಕೇಂದ್ರದಿಂದ 100 ಕಿ.ಮೀ. ದೂರದ ಊರಿಗೆ ಪಿ ಅಲೆ 17 ಸೆಕೆಂಡಿನಲ್ಲಿ, ಎಸ್ ಅಲೆ 29 ಸೆಕೆಂಡಿನಲ್ಲಿ ತಲುಪುತ್ತದೆ. ನಡುವೆ 12 ಸೆಕೆಂಡು. ಪಾದಕ್ಕೂ ಕಿವಿಗೂ ಸೂಕ್ಷ್ಮವಿರುವ ಪ್ರಾಣಿ ಆ 12 ಸೆಕೆಂಡಿನಲ್ಲಿ ಎದ್ದು ನಿಲ್ಲುವುದು ಸಹಜ. ಮಲಗಿದ್ದ ಮನುಷ್ಯನಿಗೆ ಅದು "ಮೊದಲೇ ಗೊತ್ತಾಯಿತು" ಎಂದು ಕಾಣುತ್ತದೆ.

ಭಾಲ್ಕಿ_ಹೈನು ಅವರು ಗಮನಿಸಬೇಕಾದದ್ದು ಇಲ್ಲೇ ಇದೆ. ನಿಮ್ಮ ಸೆನ್ಸರಿನ ಗಡಿಯಾರ ಒಂದು ನಿಮಿಷ ಹಿಂದಿದ್ದರೆ, ಕಂಪನದ ನಂತರದ ಗಾಬರಿ ಕಂಪನದ ಮೊದಲಿನ ಸೂಚನೆಯಾಗಿ ದಾಖಲಾಗುತ್ತದೆ. ಸೆನ್ಸರ್ ಆರಿಸುವ ಮೊದಲು ಗಡಿಯಾರ ಆರಿಸಿ.

ಕಾಡುದಾರಿ:
2004ರ ಸುನಾಮಿ ಮತ್ತು ಆನೆಗಳ ಬಗ್ಗೆ ಕೇಳುವವರು ಬಂದೇ ಬರುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಶ್ರೀಲಂಕಾದ ದಕ್ಷಿಣದಲ್ಲಿ ಆಗಲೇ ಉಪಗ್ರಹ ಕೊರಳಪಟ್ಟಿ ಹಾಕಿದ್ದ ಎರಡು ಆನೆಗಳಿದ್ದವು. ಆ ದಿನದ ದಾಖಲೆಯನ್ನು ವಿಕ್ರಮನಾಯಕೆ, ಫರ್ನಾಂಡೊ, ಲೈಮ್‌ಗ್ರೂಬರ್ 2006ರಲ್ಲಿ ಪ್ರಕಟಿಸಿದರು. ಆನೆಗಳು ಕಡಲಿಂದ ಓಡಿಹೋದ ಗುರುತು ಅದರಲ್ಲಿ ಇರಲಿಲ್ಲ. ಅವುಗಳ ನಡೆ ಉಳಿದ ದಿನಗಳಂತೆಯೇ ಇತ್ತು.

ಆನೆಗೆ ಶಕ್ತಿ ಇಲ್ಲ ಎಂದು ಇದರ ಅರ್ಥವಲ್ಲ. ಆನೆಗಳು ಮನುಷ್ಯನ ಕಿವಿಗೆ ಕೇಳದ 20 ಹರ್ಟ್ಜ್‌ಗಿಂತ ಕೆಳಗಿನ ಸದ್ದಿನಲ್ಲಿ ಮಾತಾಡುತ್ತವೆ, ನೆಲದ ಅದುರನ್ನೂ ಗುರುತಿಸುತ್ತವೆ. ಸುಮಾತ್ರಾದ ಕಡೆ ಆದ ಭೂಕಂಪದ ಅಲೆ ನೆಲದೊಳಗೆ 1,600 ಕಿ.ಮೀ. ದಾಟಿ ಲಂಕೆಗೆ ಬರಲು 8 ನಿಮಿಷದೊಳಗೆ ಸಾಕು. ನೀರಿಗೆ ಸುಮಾರು 2 ಗಂಟೆ ಬೇಕಾಯಿತು. ಅದುರು ತಿಳಿದಿರಬಹುದು. ಆದರೆ ಅದುರು ಬಂದರೆ ಹಿಂದೆ ನೀರು ಬರುತ್ತದೆ ಎಂದು ಆನೆಗೆ ಕಲಿಸುವವರು ಯಾರು? ಅಷ್ಟು ದೊಡ್ಡ ಸುನಾಮಿ ಒಂದು ಆನೆಯ ಆಯಸ್ಸಿನಲ್ಲಿ ಒಮ್ಮೆ ಬಂದರೆ ಹೆಚ್ಚು.

ಗರಿಲೆಕ್ಕ:
ಬಿರುಗಾಳಿಯ ಕತೆ ಬೇರೆ. ಬಿರುಗಾಳಿ ಪ್ರತಿ ವರ್ಷ ಬರುತ್ತದೆ, ಬರುವ ಮೊದಲು ಒತ್ತಡ, ಸದ್ದು, ಗಾಳಿ ಎಲ್ಲವೂ ಬದಲಾಗುತ್ತವೆ. ಪ್ರಾಣಿಗೆ ಕಲಿಯಲು, ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಳ್ಳಲು ಅವಕಾಶವಿದೆ. ಫ್ಲೋರಿಡಾದ ಟೆರ್ರಾ ಸೀಯಾ ಕೊಲ್ಲಿಯಲ್ಲಿ 2001ರ ಸೆಪ್ಟೆಂಬರಿನಲ್ಲಿ ಗೇಬ್ರಿಯೆಲ್ ಚಂಡಮಾರುತ ಬರುವಾಗ, ಸದ್ದಿನ ಸಂಕೇತ ಕಳಿಸುವ ಟ್ಯಾಗ್ ಹಾಕಿದ್ದ ಕಪ್ಪುತುದಿ ಶಾರ್ಕ್ ಮರಿಗಳು ವಾಯುಭಾರ ಕುಸಿಯುತ್ತಿದ್ದಂತೆ ಕೊಲ್ಲಿ ಬಿಟ್ಟು ಆಳದ ನೀರಿಗೆ ಹೋದವು, ಮಾರುತ ದಾಟಿದ ಮೇಲೆ ಮರಳಿದವು. ಇಲ್ಲಿ ಕಾರಣವೂ ಇದೆ, ಅಳತೆಯೂ ಇದೆ, ಪ್ರಾಣಿಗಳು ಒಟ್ಟಾಗಿ ಹೊರಟದ್ದೂ ಇದೆ. ವಾಯುಭಾರ ಅಳೆಯುವ ಮಾನ ಹೆಕ್ಟೊಪಾಸ್ಕಲ್; ಅದು 1 ಇಳಿದರೆ ನೀರಿನ ಆಳ ಸುಮಾರು 1 ಸೆಂ.ಮೀ. ಕಡಿಮೆಯಾದಷ್ಟು ಒತ್ತಡ ಇಳಿದಂತೆ.

2014ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಟೆನೆಸಿಯಲ್ಲಿ ಚಿನ್ನರೆಕ್ಕೆ ವಾರ್ಬ್ಲರ್ ಹಕ್ಕಿಗಳು ಸುಂಟರಗಾಳಿಗೆ ಒಂದು ದಿನ ಮೊದಲೇ ಜಾಗ ಬಿಟ್ಟು, 5 ದಿನದಲ್ಲಿ 1,500 ಕಿ.ಮೀ.ಗೂ ಹೆಚ್ಚು ಸುತ್ತಿ ಬಂದವು ಎಂದು ಹೆನ್ರಿ ಸ್ಟ್ರೆಬಿ ತಂಡ ಹೇಳಿತು. ಇದನ್ನು ಎಚ್ಚರಿಕೆಯಿಂದ ಓದಬೇಕು. ಹಕ್ಕಿಯ ತೂಕ ಸುಮಾರು 9 ಗ್ರಾಂ. ಅದರ ಬೆನ್ನಿಗೆ ಜಿಪಿಎಸ್ ಕೂರುವುದಿಲ್ಲ. ಅರ್ಧ ಗ್ರಾಮಿನ ಬೆಳಕು ದಾಖಲಿಸುವ ಉಪಕರಣ ಕಟ್ಟುತ್ತಾರೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತು ನೋಡಿ ಹಗಲಿನ ಉದ್ದದಿಂದ ಅಕ್ಷಾಂಶ, ನಡುಹಗಲಿನ ಹೊತ್ತಿನಿಂದ ರೇಖಾಂಶ ಲೆಕ್ಕ ಹಾಕುತ್ತಾರೆ. ದಟ್ಟ ಮೋಡ ಕವಿದರೆ ಉಪಕರಣಕ್ಕೆ ಬೆಳಗು ತಡವಾಗಿ, ಸಂಜೆ ಬೇಗ ಆದಂತೆ ಕಾಣುತ್ತದೆ. ಹಗಲು ಚಿಕ್ಕದಾಯಿತು ಎಂದರೆ ಹಕ್ಕಿ ದಕ್ಷಿಣಕ್ಕೆ ಹೋಯಿತು ಎಂದು ಲೆಕ್ಕ ಬರುತ್ತದೆ. ಬಿರುಗಾಳಿ ತರುವುದೇ ಮೋಡವನ್ನು! ಬೇರೆ ಸಂಶೋಧಕರು ಎತ್ತಿದ ತಕರಾರೂ ಈ ಬೆಳಕಿನ ವಿಧಾನದ ಮಿತಿಯ ಬಗ್ಗೆಯೇ; ಮೂಲ ತಂಡ ಉತ್ತರವನ್ನೂ ಕೊಟ್ಟಿದೆ. ನನ್ನ ಅಭಿಪ್ರಾಯದಲ್ಲಿ ಶಾರ್ಕಿನದು ಗಟ್ಟಿ, ವಾರ್ಬ್ಲರಿನದು ಕುತೂಹಲಕರ, ಆದರೆ ಇನ್ನೂ ತೀರ್ಮಾನವಾಗಿಲ್ಲ.

ಬೆಸುಗೆಕಡ್ಡಿ:
ಉಪಕರಣದ ಬಗ್ಗೆ. ಚಲನೆ ಅಳೆಯುವ ಸೆನ್ಸರುಗಳಲ್ಲಿ ಎಂಪಿಯು-6050 ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಗೈರೊ (ತಿರುಗುವಿಕೆ ಅಳೆಯುವ ಭಾಗ) ಸೇರಿ 3–4 ಮಿಲಿಆಂಪ್ ಕುಡಿಯುತ್ತದೆ. ಕೊರಳಿಗೆ ಎಡಿಎಕ್ಸ್‌ಎಲ್345 ವಾಸಿ, 0.2 ಮಿಲಿಆಂಪ್ ಒಳಗೇ ಮುಗಿಸುತ್ತದೆ, ಗೈರೊ ನಿಮಗೆ ಬೇಕಾಗಿಲ್ಲ. ವ್ಯಾಪ್ತಿ ±4 ಜಿ (ಭೂಮಿಯ ಸೆಳೆತದ ನಾಲ್ಕು ಪಟ್ಟು), ಸೆಕೆಂಡಿಗೆ 25 ಅಳತೆ ಸಾಕು. ಮೂರು ಅಕ್ಷ, ಒಂದೊಂದಕ್ಕೆ 2 ಬೈಟ್ ಎಂದರೆ ದಿನಕ್ಕೆ ಸುಮಾರು 13 ಎಂಬಿ, ವರ್ಷಕ್ಕೆ 5 ಜಿಬಿ ಒಳಗೆ. 8 ಜಿಬಿ ಕಾರ್ಡ್ ಹಿಡಿಯುತ್ತದೆ. ಪ್ರತಿ ಅಳತೆಗೂ ಕಾರ್ಡಿಗೆ ಬರೆಯಬೇಡಿ, ಬ್ಯಾಟರಿ ಅಲ್ಲಿಯೇ ಖಾಲಿಯಾಗುತ್ತದೆ. ಮೊದಲು ಮೆಮೊರಿಯಲ್ಲಿ ತುಂಬಿಸಿಕೊಂಡು ಒಟ್ಟಿಗೆ ಬರೆಯಿರಿ.

ಗಡಿಯಾರಕ್ಕೆ ಡಿಎಸ್3231 ಚಿಪ್ ಇರಲಿ. ಅದು ದಶಲಕ್ಷಕ್ಕೆ 2ರಷ್ಟು ತಪ್ಪುತ್ತದೆ, ವರ್ಷಕ್ಕೆ ಒಂದು ನಿಮಿಷ. ಅಗ್ಗದ ಡಿಎಸ್1307 ಜೊತೆಗೆ ಬರುವ, ಗಡಿಯಾರಕ್ಕೆ ಲಯ ಕೊಡುವ ಹರಳು ಬಿಸಿಲಿಗೆ ಇನ್ನೂ ಜಾರುತ್ತದೆ. ದಶಲಕ್ಷಕ್ಕೆ 20 ಎಂದರೂ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ 10 ನಿಮಿಷ. ಯಾವುದೇ ಇರಲಿ, 15 ದಿನಕ್ಕೊಮ್ಮೆ ಕಾರ್ಡ್ ತೆಗೆಯುವಾಗ ಜಿಪಿಎಸ್ ಸಮಯದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಬರೆದಿಟ್ಟು, ಆಮೇಲೆ ಸರಿಪಡಿಸಿ. ಬರೆಯದೆ ಸರಿಪಡಿಸಿದರೆ ಹಿಂದಿನ 15 ದಿನದ ಜಾರಿಕೆ ಎಷ್ಟೆಂದು ಮತ್ತೆ ತಿಳಿಯುವುದಿಲ್ಲ.

ಪೆಟ್ಟಿಗೆ ಕೊರಳ ಎಡಭಾಗದಲ್ಲಿ ಇರಲಿ, ಪಟ್ಟಿಯ ಕೆಳಗೆ ಒಂದು ತೂಕ ಕಟ್ಟಿ. ತೂಕ ಇಲ್ಲದಿದ್ದರೆ ಪಟ್ಟಿ ತಿರುಗಿ ಅಕ್ಷಗಳು ಅದಲುಬದಲಾಗುತ್ತವೆ. ಕಚ್ಚಾ ಅಳತೆಯಿಂದ 2 ಸೆಕೆಂಡಿನ ಸರಾಸರಿ ಕಳೆದರೆ ಭೂಮಿಯ ಸೆಳೆತದ ಪಾಲು ಹೋಗುತ್ತದೆ. ಉಳಿದ ಮೂರು ಅಕ್ಷಗಳ ಚಿಹ್ನೆ ಬಿಟ್ಟು ಕೂಡಿಸಿ, 5 ನಿಮಿಷಕ್ಕೊಂದು ಸಂಖ್ಯೆ ಇಟ್ಟುಕೊಳ್ಳಿ. ಗೋದಲಿಗೆ ಪಟ್ಟಿ ತಿಕ್ಕುವ ಆಕಳು ಇದ್ದರೆ ಎತ್ತರದ ಚೂಪು ಗೆರೆಗಳು ಬರುತ್ತವೆ. ಮೆಲುಕು ಹಾಕುವಾಗ ಸೆಕೆಂಡಿಗೆ ಸುಮಾರು ಒಂದು ಸಮನಾದ ಅಲೆ ಕಾಣುತ್ತದೆ. ಮೊದಲ ವಾರ ವಿಡಿಯೊ ಪಕ್ಕದಲ್ಲಿಟ್ಟು ಎರಡನ್ನೂ ಗುರುತಿಸುವುದು ಕಲಿಯಿರಿ.

ಗೋಮಾಳ_ಡಾಕ್ಟರ್:
ಈ ಚರ್ಚೆಯಲ್ಲಿ ಇನ್ನೂ ಬಾರದ ಸಂಗತಿ ಬೆದೆ. ಗಬ್ಬವಿಲ್ಲದ ಆಕಳು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಆ ಹೊತ್ತಿನಲ್ಲಿ ಅದರ ಓಡಾಟ ಎರಡು ಪಟ್ಟಾಗುವುದೂ ಸಾಮಾನ್ಯ. ಪಕ್ಕದವೂ ಏರುತ್ತವೆ, ನೆಕ್ಕುತ್ತವೆ, ತಳ್ಳುತ್ತವೆ. 6 ಆಕಳು ಬೇರೆಬೇರೆ ದಿನ ಬೆದೆಗೆ ಬಂದರೆ ಸರಾಸರಿ ಮೂರೂವರೆ ದಿನಕ್ಕೊಂದು "ಅಸಹಜ ಚಟುವಟಿಕೆ". ಭೂಕಂಪದ ಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡು ನೋಡಿದರೆ ಇದರಲ್ಲಿ ಯಾವುದಾದರೂ ಒಂದು ಹೊಂದಿಯೇ ಹೊಂದುತ್ತದೆ. ಗಬ್ಬದ ಆಕಳುಗಳನ್ನೇ ಆರಿಸಿ, ಇಲ್ಲವೇ ಬೆದೆಯ ದಿನಾಂಕ ತಪ್ಪದೆ ಬರೆಯಿರಿ.

ಎರಡನೆಯದು ಸೆಕೆ. ಹೈನಿನವರು ಬಳಸುವ ಉಷ್ಣ-ತೇವಾಂಶ ಸೂಚ್ಯಂಕ ಹೀಗೆ: ಉಷ್ಣತೆಯನ್ನು 1.8ರಿಂದ ಗುಣಿಸಿ 32 ಕೂಡಿಸಿ, ಅದರಿಂದ (0.55 − 0.0055 × ತೇವಾಂಶ) × (1.8 × ಉಷ್ಣತೆ − 26) ಕಳೆಯಿರಿ. ಏಪ್ರಿಲಿನ 38 ಡಿಗ್ರಿ, 25 ಶೇಕಡಾ ತೇವಾಂಶಕ್ಕೆ ಸುಮಾರು 83 ಬರುತ್ತದೆ. ಜುಲೈನ 28 ಡಿಗ್ರಿ, 85 ಶೇಕಡಾಕ್ಕೆ 80. ಹತ್ತು ಡಿಗ್ರಿ ಕಡಿಮೆಯಿದ್ದರೂ ಆಕಳಿಗೆ ಹೆಚ್ಚುಕಡಿಮೆ ಅಷ್ಟೇ ಕಷ್ಟ. ಪುಸ್ತಕದಲ್ಲಿ 72 ದಾಟಿದರೆ ಒತ್ತಡ ಎಂದಿರುವುದು ಹೆಚ್ಚು ಹಾಲಿನ ವಿದೇಶಿ ತಳಿಗೆ. ದೇವಣಿ ಇನ್ನೂ ತಡೆಯುತ್ತದೆ. ಸೆಕೆಗೆ ಆಕಳು ಮಲಗುವುದು ಕಡಿಮೆ ಮಾಡುತ್ತದೆ, ನಿಂತೇ ಇರುತ್ತದೆ, ಮೈಯೊಳಗಿನ ಬಿಸಿ ಹೊರಹೋಗಲೆಂದು. ಸೆನ್ಸರಿಗೆ ಅದು ಚಡಪಡಿಕೆಯಂತೆ ಕಾಣಬಹುದು.

ಹವಾಮಾನ ಬದಲಾವಣೆ ನಿಮ್ಮ ಲೆಕ್ಕದೊಳಗೆ ನುಗ್ಗುವುದು ಈ ಬಾಗಿಲಿನಿಂದ. ಹಳೆಯ ವರ್ಷದ ಏಪ್ರಿಲನ್ನು "ಸಹಜ" ಎಂದು ಇಟ್ಟುಕೊಂಡು ಈ ವರ್ಷದ ಏಪ್ರಿಲನ್ನು ಅಳೆದರೆ, ರಾತ್ರಿ ಎರಡು ಡಿಗ್ರಿ ಹೆಚ್ಚಾಗಿದ್ದರೂ ಸಾಕು, ವಾರಗಟ್ಟಲೆ ಎಚ್ಚರಿಕೆ ಬಾರಿಸುತ್ತದೆ. ಸಹಜ ಯಾವುದೆಂದು ತಿಂಗಳಿನ ಹೆಸರಿನಿಂದ ನಿರ್ಧರಿಸಬೇಡಿ. ದಿನದ ಗಂಟೆ ಮತ್ತು ಸೂಚ್ಯಂಕ ಎರಡರಿಂದ ನಿರ್ಧರಿಸಿ.

ಅಲೆಗಣಿತ:
ಅದನ್ನೇ ಲೆಕ್ಕವಾಗಿ ಹೇಳುತ್ತೇನೆ. ಗಂಟೆಗೊಂದು, ಸೂಚ್ಯಂಕದ 4 ಅಂಶಕ್ಕೊಂದು ಎಂದು ಗೂಡು ಮಾಡಿ. ಪ್ರತಿ ಗೂಡಿಗೂ ಸರಾಸರಿ ಬೇಡ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಇರಲಿ. ಒಂದು ದಿನ ಚಿರತೆ ಬಂದು ಹೋದರೆ ಸರಾಸರಿ ಕೆಡುತ್ತದೆ, ಮಧ್ಯಾಂಕ ಕೆಡುವುದಿಲ್ಲ. ಆರರಲ್ಲಿ ಕನಿಷ್ಠ ನಾಲ್ಕು ಆಕಳು, 45 ನಿಮಿಷ ಎಡೆಬಿಡದೆ, ಮಧ್ಯಾಂಕದ ಮೇಲೆ ನೀವು ಗೊತ್ತುಮಾಡಿದ ಮಿತಿ ಮೀರಿದರೆ ಮಾತ್ರ ಎಚ್ಚರಿಕೆ ಎಂದು ಇಟ್ಟುಕೊಳ್ಳಿ.

ಇನ್ನು ಪರೀಕ್ಷೆ. 120 ದಿನ ಎಂದರೆ 2,880 ಗಂಟೆ. 30 ಎಚ್ಚರಿಕೆ ಬಂದವು, ಒಂದೊಂದಕ್ಕೂ 20 ಗಂಟೆ ಕಾಯುತ್ತೀರಿ ಎಂದುಕೊಳ್ಳಿ: 600 ಗಂಟೆ, ಒಟ್ಟು ಕಾಲದ 21 ಶೇಕಡಾ. ಆಕಳುಗಳಿಗೆ ಏನೇನೂ ತಿಳಿಯದಿದ್ದರೂ ಇಟಲಿಯಲ್ಲಿದ್ದಂತೆ 12 ಭೂಕಂಪಗಳಿದ್ದರೆ ಎರಡು-ಮೂರು ತಾವಾಗಿಯೇ ಆ ಕಾಯುವ ಹೊತ್ತಿನ ಕಿಂಡಿಯೊಳಗೆ ಬೀಳುತ್ತವೆ. ಭೂಕಂಪಗಳು ಗುಂಪಾಗಿ ಬರುತ್ತವೆ, ದೊಡ್ಡದರ ಹಿಂದೆ ಹತ್ತಾರು ಪಶ್ಚಾತ್ಕಂಪನ. ಮೊದಲನೆಯದಕ್ಕೆ ಬೆದರಿದ ಆಕಳು ಎರಡನೆಯದನ್ನು "ಮುಂಚೆ ಹೇಳಿದಂತೆ" ಕಾಣುತ್ತದೆ. ಆದ್ದರಿಂದ ಗುಂಪಿಗೆ ಒಂದನ್ನೇ ಎಣಿಸಿ. ಆಮೇಲೆ ಎಚ್ಚರಿಕೆಗಳ ಇಡೀ ಸರಣಿಯನ್ನು ಕಾಲದಲ್ಲಿ ಯಾದೃಚ್ಛಿಕವಾಗಿ ಜರುಗಿಸಿ, 1,000 ಸಲ ಮತ್ತೆ ಎಣಿಸಿ. ಜರುಗಿಸಿದ ಸರಣಿಗಳಲ್ಲಿ 50ಕ್ಕಿಂತ ಹೆಚ್ಚು ನಿಮ್ಮದರಷ್ಟೇ ಹೊಂದಿದರೆ, ನಿಮ್ಮ ಕೈಯಲ್ಲಿ ಇರುವುದು ಕಾಕತಾಳೀಯ.

ಮಿತಿ, ಕಿಂಡಿ, ತೀವ್ರತೆ, ದೂರ ಈ ನಾಲ್ಕನ್ನೂ ಅಳತೆ ಶುರುವಾಗುವ ಮೊದಲೇ ಕಾಗದದಲ್ಲಿ ಬರೆದು, ದಿನಾಂಕ ಹಾಕಿ, ಯೋಜನೆಯಲ್ಲಿಲ್ಲದ ಒಬ್ಬರ ಕೈಗೆ ಕೊಡಿ. ಎಚ್ಚರಿಕೆ ಗುರುತಿಸುವವರು ಭೂಕಂಪದ ಪಟ್ಟಿ ನೋಡಿರಬಾರದು.

ಶಿಲಾಪದರ:
ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬೀದರದಲ್ಲಿ ಉತ್ತರ ಸಿಗುವುದಿಲ್ಲ, ಅದನ್ನು ಈಗಲೇ ಹೇಳುವುದು ನ್ಯಾಯ. ಇಟಲಿಯವರಿಗೆ ಕೆಲವೇ ತಿಂಗಳಲ್ಲಿ 4 ಮತ್ತು ಅದಕ್ಕಿಂತ ಹೆಚ್ಚಿನವು 12 ಸಿಕ್ಕವು, ಅದೂ ಸಾಲಲಿಲ್ಲ. ಕರ್ನಾಟಕದಲ್ಲಿ ಕಂಪನಗಳು ಬರುತ್ತವೆ. 2022ರ ಜೂನ್–ಜುಲೈನಲ್ಲಿ ಕೊಡಗು, ಸುಳ್ಯದ ಕಡೆ ಬಂದಂತೆ. ಆದರೆ ಅವು ಸಣ್ಣವು. ಒಂದು ಕೊಟ್ಟಿಗೆಯ ಹತ್ತಿರ ದೊಡ್ಡವು 12 ಆಗುವವರೆಗೆ ಕಾದರೆ ನಾಲ್ಕಾರು ತಲೆಮಾರಿನ ಆಕಳುಗಳೂ ಸಾಲವು.

ಗರಿಲೆಕ್ಕ:
ಅದಕ್ಕೇ ಪ್ರಶ್ನೆಯನ್ನೇ ಬದಲಿಸಿ ಎನ್ನುತ್ತೇನೆ. ಮುಂಗಾರುಪೂರ್ವದ ಗುಡುಗುಮಳೆ ಏಪ್ರಿಲ್–ಮೇನಲ್ಲಿ ಮತ್ತೆಮತ್ತೆ ಬರುತ್ತದೆ, ಸಿಡಿಲಿಗೆ ದನವೂ ಜನವೂ ಸಾಯುತ್ತಾರೆ. ಮಳೆಗೆ ಎಷ್ಟು ಮೊದಲು ಆಕಳು ನಡೆ ಬದಲಿಸುತ್ತದೆ ಎಂಬುದಕ್ಕೆ ಒಂದೆರಡು ಬೇಸಿಗೆಯಲ್ಲೇ ಸಾಕಷ್ಟು ಉದಾಹರಣೆ ಸಿಗುತ್ತವೆ. ಮಳೆ ಬಿದ್ದ ಹೊತ್ತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ.

ಬೆಸುಗೆಕಡ್ಡಿ:
ಹಾಗಾದರೆ ಬಿಎಂಪಿ280 ಒತ್ತಡ ಸೆನ್ಸರ್ ಒಂದನ್ನು ಕೊಟ್ಟಿಗೆಯಲ್ಲಿ ಇಡಿ, ಕೊರಳಿನಲ್ಲಲ್ಲ. ಮೈಬಿಸಿ ಅದನ್ನು ಕೆಡಿಸುತ್ತದೆ. ಹತ್ತನೆಯ ಒಂದು ಪಾಲು ಹೆಕ್ಟೊಪಾಸ್ಕಲ್ ಬದಲಾವಣೆ ಹಿಡಿಯುತ್ತದೆ.

ಅಲೆಗಣಿತ:
ಅಲ್ಲೊಂದು ಹೊಂಡವಿದೆ. ನಮ್ಮ ಅಕ್ಷಾಂಶದಲ್ಲಿ ಮಳೆ ಇರಲಿ ಬಿಡಲಿ, ವಾಯುಭಾರ ದಿನಕ್ಕೆ ಎರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ 10ರ ಸುಮಾರಿಗೆ ಎತ್ತರ, ಸಂಜೆ 4ರ ಸುಮಾರಿಗೆ ತಗ್ಗು. ನಡುವೆ 3–4 ಹೆಕ್ಟೊಪಾಸ್ಕಲ್ ಇಳಿಕೆ. ಬೇಸಿಗೆಯ ಗುಡುಗುಮಳೆಯೂ ಸಂಜೆಯೇ. ಆಕಳು ಮೇವು ಮುಗಿಸಿ ಕೊಟ್ಟಿಗೆ ಕಡೆ ತಿರುಗುವುದೂ ಸಂಜೆಯೇ. ಮೂರೂ ಒಟ್ಟಿಗೆ ನಡೆಯುವುದರಿಂದ ಒಂದಕ್ಕೊಂದು ಕಾರಣ ಎಂದು ಗ್ರಾಫ್ ಸುಳ್ಳು ಹೇಳುತ್ತದೆ. ಮಳೆ ಬಾರದ ದಿನಗಳ ಅದೇ ಗಂಟೆಯ ಒತ್ತಡವನ್ನು ಕಳೆದು, ಉಳಿದದ್ದನ್ನು ಮಾತ್ರ ನೋಡಿ.

ಕಲ್ಲುಬಂಡೆ77:
ಚಾತಕ ಪಕ್ಷಿ ಕಂಡರೆ ಮಳೆ ಹತ್ತಿರ ಎನ್ನುತ್ತಾರಲ್ಲ, ಅದನ್ನೂ ದಾಖಲಿಸಬಹುದೇ?

ಗರಿಲೆಕ್ಕ:
ಉತ್ತರ ಮತ್ತು ಮಧ್ಯ ಭಾರತಕ್ಕೆ ಅದು ಆಫ್ರಿಕಾದಿಂದ ಮುಂಗಾರಿನ ಗಾಳಿಯ ಹೊತ್ತಿಗೆ ಬರುತ್ತದೆ, ಅಲ್ಲಿ ಮೊದಲ ದಿನಾಂಕಕ್ಕೆ ಬೆಲೆಯಿದೆ. ದಕ್ಷಿಣದಲ್ಲಿ ವರ್ಷವಿಡೀ ಇಲ್ಲೇ ಇರುವ ಚಾತಕಗಳಿವೆ. ಆದ್ದರಿಂದ ಇಲ್ಲಿ "ಕಂಡಿತು" ಎಂಬುದಕ್ಕಿಂತ "ಕೂಗಲು ಶುರು ಮಾಡಿತು" ಎಂಬ ದಿನಾಂಕ ಬರೆಯಿರಿ, ಕಾಣದ ದಿನವೂ "ನೋಡಿದೆವು, ಇಲ್ಲ" ಎಂದು ಬರೆಯಿರಿ.

ಭಾಲ್ಕಿ_ಹೈನು:
ಎಲ್ಲರಿಗೂ ಧನ್ಯವಾದ. ಯೋಜನೆಯನ್ನು ಹೀಗೆ ತಿದ್ದಿದ್ದೇವೆ. ಭೂಕಂಪ ಮುಖ್ಯ ಪ್ರಶ್ನೆಯಲ್ಲ. ಗಡಿಯಾರ ಸರಿ ಇರುವುದರಿಂದ ಯಾವಾಗಲಾದರೂ ಬಂದರೆ ದಾಖಲೆ ಇದ್ದೇ ಇರುತ್ತದೆ. ಗಬ್ಬದ 6 ಆಕಳು, ಫೆಬ್ರವರಿಯಿಂದ ಜೂನ್ ತನಕ. ಮೊದಲ 28 ದಿನ ಬರೀ ಸಹಜ ನಡೆಯ ದಾಖಲೆ. ಎಚ್ಚರಿಕೆಯ ಕಿಂಡಿ 3 ಗಂಟೆ, ಘಟನೆ ಎಂದರೆ ಪಂಚಾಯಿತಿ ಮಾಪಕದಲ್ಲಿ ಗಂಟೆಗೆ 5 ಮಿ.ಮೀ. ಮಳೆ. ಹಾಲು ಕರೆಯುವ ಹೊತ್ತು, ಲಸಿಕೆ, ಮೇವಿನ ಬದಲಾವಣೆ, ಪಟಾಕಿ ಎಲ್ಲವೂ ಗೋಡೆಯ ಹಾಳೆಯಲ್ಲಿ. ಪಟ್ಟಿ ಎಷ್ಟು ಬಿಗಿ ಇರಬೇಕು?

ಗೋಮಾಳ_ಡಾಕ್ಟರ್:
ಪಟ್ಟಿಗೂ ಕೊರಳಿಗೂ ನಡುವೆ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಬಾರದು. ತಲೆ ತಗ್ಗಿಸಿ ಮೇಯುವಾಗ ನೋಡಿ, ನಿಂತಾಗಲ್ಲ. ಮೇಯುವಾಗ ಕೊರಳು ದಪ್ಪವಾಗುತ್ತದೆ. ಮೂರು ದಿನಕ್ಕೊಮ್ಮೆ ಪಟ್ಟಿ ಸರಿಸಿ ಕೂದಲಡಿ ಬೆರಳಾಡಿಸಿ. ಕೂದಲು ಉದುರಿ ಕೆಂಪಾಗಿದ್ದರೆ, ಒದ್ದೆಯಾಗಿದ್ದರೆ, ಅಂದೇ ಬಿಚ್ಚಿ ಗಾಯ ಒಣಗಿದ ಮೇಲೆ ಕಟ್ಟಿ. ಮಳೆ ಶುರುವಾದ ಮೇಲೆ ಪಟ್ಟಿಯ ಅಡಿ ನೊಣ ಮೊಟ್ಟೆ ಇಡುತ್ತದೆ, ಹುಳು ಬೀಳುತ್ತದೆ. ಜೂನಿನಲ್ಲಿ ದಿನವೂ ನೋಡಿ. ತುಂಬುಗಬ್ಬದ ಆಕಳಿಗೆ ಕರು ಹಾಕುವ ಎರಡು ವಾರ ಮೊದಲೇ ಪಟ್ಟಿ ತೆಗೆಯಿರಿ. ಕರು ಹಾಕುವ ಹೊತ್ತಿನ ಚಡಪಡಿಕೆ ನಿಮ್ಮ ಲೆಕ್ಕಕ್ಕೆ ಬರಬಾರದು, ಎಳೆಗರುವಿನ ಕಾಲು ಪಟ್ಟಿಗೆ ಸಿಕ್ಕಲೂ ಬಾರದು.